ಶಾಸನದ ಅಕ್ಷರ ಕಂಪ್ಯೂಟರಿಗೆ ಬರೋದು ಯಾವಾಗ?

ಶಾಸನ ಕೈಗೆ ಸಿಕ್ಕರೆ ನಾವು ಮೊದಲು ಹುಡುಕೋದು ಕಾಲವನ್ನು: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಅದೇ ಶಾಸನದ ಪಾಠವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕೂತರೆ ಇನ್ನೊಂದು ಕಾಲಗಣನೆ ಎದುರಾಗುತ್ತದೆ. ಬೇಕಾದ ಅಕ್ಷರ ಯೂನಿಕೋಡ್‌ಗೆ ಸೇರಿದ್ದು ಯಾವಾಗ? ಅದನ್ನು ತೋರಿಸಬಲ್ಲ ತಂತ್ರಾಂಶ ಬಂದದ್ದು ಯಾವಾಗ?

ಹಳಗನ್ನಡದ ನಕಾರಪೊಲ್ಲು (ೝ), ಅಂದರೆ ಸ್ವರವಿಲ್ಲದ ನಕಾರದ ವಿಶೇಷ ರೂಪ, ಯೂನಿಕೋಡ್ 14.0ರಲ್ಲಿ 2021ರ ಸೆಪ್ಟೆಂಬರ್ 14ರಂದು ಬಂತು. ತುಳು-ತಿಗಳಾರಿ ಲಿಪಿಯ 80 ಸಂಕೇತಗಳು 16.0ರಲ್ಲಿ, 2024ರ ಸೆಪ್ಟೆಂಬರ್ 10ರಂದು ಬಂದವು. ಎರಡೂ ಸೆಪ್ಟೆಂಬರ್! ಇದು ಕಾಕತಾಳೀಯ ಅಲ್ಲ, ವೇಳಾಪಟ್ಟಿ.

ಯೂನಿಕೋಡ್ ಕೊಡೋದು ಅಕ್ಷರಕ್ಕೊಂದು ಸಂಖ್ಯೆ ಮತ್ತು ಅದರ ಲಕ್ಷಣಗಳನ್ನು ಮಾತ್ರ. ಅಕ್ಷರದ ರೂಪ ಫಾಂಟ್‌ನಲ್ಲಿರಬೇಕು. ಒತ್ತು, ಕಾಗುಣಿತಗಳನ್ನು ಹಾರ್ಫ್‌ಬಜ್ ಜೋಡಿಸಬೇಕು. ಆಮೇಲೆ ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳು ಅದನ್ನು ಬಳಸಿಕೊಳ್ಳಬೇಕು, ಉಬುಂಟುವಿನಂಥವು ಎಲ್ಲವನ್ನೂ ಒಟ್ಟುಗೂಡಿಸಿ ನಮಗೆ ತಲುಪಿಸಬೇಕು. ಈ ತಂತ್ರಾಂಶಗಳೆಲ್ಲ ಮುಕ್ತ ತಂತ್ರಾಂಶಗಳು. ಬೇರೆ ಬೇರೆ ದೇಶದ ಜನ ಮಾಡುವ ಕೆಲಸ, ಎಲ್ಲರ ಮೇಲೂ ಒಬ್ಬ ಯಜಮಾನ ಅಂತ ಇಲ್ಲ. ಇವರ ಕೆಲಸ ಒಂದಕ್ಕೊಂದು ಕೂಡಿಬರಬೇಕಾದರೆ ಮೊದಲೇ ಗೊತ್ತಾದ ದಿನಾಂಕ ಬೇಕು.

ಆದ್ದರಿಂದಲೇ ಉಬುಂಟು ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬರುತ್ತದೆ. 24.04 ಅಂದರೆ 2024ರ ಏಪ್ರಿಲ್. ಕಾಲ ಹೆಸರಿನಲ್ಲೇ ಇದೆ. ಲಿಬ್ರೆಆಫೀಸ್‌ನದು ಫೆಬ್ರುವರಿ ಮತ್ತು ಆಗಸ್ಟ್. ಉಬುಂಟು ಹೊಸ ಸೌಲಭ್ಯಗಳಿಗೆ ಆಗಸ್ಟ್‌ನಲ್ಲೇ ಬಾಗಿಲು ಹಾಕಿ, ಉಳಿದ ಸಮಯವನ್ನು ದೋಷ ತಿದ್ದಲು ಇಟ್ಟುಕೊಳ್ಳುತ್ತದೆ. ಹಾಗಾಗಿ ಸೆಪ್ಟೆಂಬರಿನ ಹೊಸ ಅಕ್ಷರ ಅಕ್ಟೋಬರಿನ ಉಬುಂಟುವಿನಲ್ಲಿ ಪೂರ್ತಿ ಸಿಗೋದು ಕಷ್ಟ. ಏಪ್ರಿಲ್‌ವರೆಗಾದರೂ ಕಾಯಬೇಕಾದೀತು.

ಇಲ್ಲಿ ಸೂತ್ರ ಒಂದೇ: ದಿನಾಂಕ ಕದಲುವುದಿಲ್ಲ, ಸಿದ್ಧವಾಗದ ಕೆಲಸ ಮುಂದಿನ ಸಲಕ್ಕೆ ಹೋಗುತ್ತದೆ. "ಎಲ್ಲ ಸಿದ್ಧವಾದ ಮೇಲೆ ಬಿಡೋಣ" ಅಂದರೆ ಏನಾಗುತ್ತೆ? ಡೆಬಿಯನ್ 3.0 ಬಂದದ್ದು 2002ರ ಜುಲೈನಲ್ಲಿ, 3.1 ಬಂದದ್ದು 2005ರ ಜೂನ್‌ನಲ್ಲಿ. ಇಂದು ಡೆಬಿಯನ್ ಕೂಡ ಬಾಗಿಲು ಹಾಕುವ ದಿನಗಳನ್ನು ಮುಂಚೆಯೇ ಸಾರುತ್ತದೆ.

ದಿನಾಂಕದ ಹಿಂದೆ ಬಿದ್ದು ಅರೆಬೆಂದದ್ದನ್ನು ಬಡಿಸಿಬಿಟ್ಟರೆ? ಸರಿಯಾದ ಪ್ರಶ್ನೆಯೇ. ಶಾಸನಗಳಲ್ಲಿ ನಾವು ಕಾಣುವ ಱಳ (ೞ) ಯೂನಿಕೋಡ್‌ನಲ್ಲಿ 'ಕನ್ನಡ ಲೆಟರ್ ಫ' ಎಂಬ ತಪ್ಪು ಹೆಸರಿನಲ್ಲಿ ಸೇರಿಬಿಟ್ಟಿದೆ. ಒಮ್ಮೆ ಸೇರಿದ ಹೆಸರನ್ನು ಬದಲಿಸುವಂತಿಲ್ಲ ಅನ್ನೋದು ನಿಯಮ. ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿಟ್ಟಿದ್ದಾರೆ, ಅಷ್ಟೆ. ಕಲ್ಲಿನಲ್ಲಿ ಕೆತ್ತಿದ ತಪ್ಪಿನ ಹಾಗೆಯೇ ಇದೂ. ಆದರೆ ನಿಗದಿತ ವೇಳಾಪಟ್ಟಿ ಇಂಥ ಅವಸರವನ್ನು ಕಡಿಮೆ ಮಾಡುತ್ತದೆ. ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ಗೊತ್ತಿದ್ದರೆ ಯಾರೂ ಫುಟ್‌ಬೋರ್ಡಿಗೆ ಜೋತುಬೀಳಲ್ಲ, ಅಲ್ವಾ?

ದಿನಾಂಕ ತಪ್ಪುವುದೇ ಇಲ್ಲ ಅಂತಲ್ಲ. ನಕಾರಪೊಲ್ಲು ಬಂದ ಯೂನಿಕೋಡ್ 14.0, 2021ರ ಮಾರ್ಚ್‌ಗೆ ಗೊತ್ತಾಗಿತ್ತು. ಕೋವಿಡ್‌ನಿಂದಾಗಿ ಆರು ತಿಂಗಳು ಮುಂದೂಡಿದರು. ಆದರೆ ಅದನ್ನು 2020ರ ಏಪ್ರಿಲ್‌ನಲ್ಲೇ, ಸುಮಾರು ವರ್ಷ ಮುಂಚಿತವಾಗಿ, ಸಾರಿಬಿಟ್ಟರು. ಅದನ್ನು ನೆಚ್ಚಿಕೊಂಡವರಿಗೆ ತಮ್ಮ ಯೋಜನೆ ಬದಲಿಸಿಕೊಳ್ಳಲು ಸಮಯ ಸಿಕ್ಕಿತು. ತಡವಾಗುವುದಾದರೆ ಹೀಗೆ ಹೇಳಿ ತಡವಾಗಬೇಕು.

ಶಾಸನಾಸಕ್ತರಿಗೆ ಇದರಲ್ಲಿ ಒಂದು ಕೆಲಸವೂ ಇದೆ. ಪ್ರತಿ ಯೂನಿಕೋಡ್ ಆವೃತ್ತಿಗೂ ಕೆಲವು ತಿಂಗಳು ಮುಂಚೆ ಆಲ್ಫಾ ಪರಿಶೀಲನೆ ನಡೆಯುತ್ತದೆ, ಯಾರು ಬೇಕಾದರೂ ನೋಡಿ ಅಭಿಪ್ರಾಯ ಕಳಿಸಬಹುದು. ಅಕ್ಷರದ ರೂಪ, ಹೆಸರು ಸರಿಯಿದೆಯೇ ಎಂದು ಹೇಳಬೇಕಾದವರು ಎಸ್ಟಂಪೇಜುಗಳ ಮುಂದೆ ವರ್ಷಗಟ್ಟಲೆ ಕೂತವರು. ಸೆಪ್ಟೆಂಬರ್ ದಾಟಿದ ಮೇಲೆ ಹೇಳಿದರೆ ಪರ್ಯಾಯನಾಮವಷ್ಟೇ ಗತಿ.