ಚರ್ಮವೂ ಉಸಿರಾಡುವ ಪ್ರಾಣಿ

ಮಳೆಗಾಲದಲ್ಲಿ ಮಲೆನಾಡಿನ ಅಡಕೆ ತೋಟದ ಹಸಿಮಣ್ಣನ್ನು ಅಗೆಯುವಾಗ, ಎರೆಹುಳುವೋ ಹಾವಿನ ಮರಿಯೋ ಎಂಬ ಸಂದೇಹವನ್ನು ಹುಟ್ಟಿಸುವ ಜೀವಿಯೊಂದು ಒಮ್ಮೊಮ್ಮೆ ಹೊರಬೀಳುತ್ತದೆ. ಹಾವೆಂದು ಹೆದರಿ ಕೊಲ್ಲುವುದೂ ಉಂಟು. ಪಾಪ, ಅದು ಕಪ್ಪೆಯ ಬಂಧು. ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯಚರ.

ನೀಳವಾದ ಈ ಒಡಲಿನಲ್ಲಿ ಎರಡು ಶ್ವಾಸಕೋಶಗಳಿಗೆ ಎಡೆಯೆಲ್ಲಿ? ಬಹುತೇಕ ಸಿಸಿಲಿಯನ್‌ಗಳಲ್ಲಿ ಬಲಗಡೆಯದು ಉದ್ದವಾಗಿ ಬೆಳೆದು, ಎಡಗಡೆಯದು ಕುಗ್ಗಿರುತ್ತದೆ. ಗಂಟಲಿನ ತಳವನ್ನು ಏರಿಳಿಸುತ್ತ, ತಿದಿಯೊತ್ತಿದಂತೆ, ಪ್ರಾಣಿಯು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಉಳಿದ ಕೆಲಸ ಚರ್ಮದ್ದು. ಲೋಳೆಯಿಂದ ತೊಯ್ದ ಚರ್ಮದ ಲೋಮನಾಳಗಳಲ್ಲಿ ಹರಿಯುವ ರಕ್ತವು ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಚರ್ಮ ಒಣಗಿತೋ, ಈ ಬಾಗಿಲು ಮುಚ್ಚಿತು!

ಹಾಗಾದರೆ ಚರ್ಮವೊಂದೇ ಸಾಕಾದೀತೆ? ದಕ್ಷಿಣ ಅಮೆರಿಕದ ಅಟ್ರೆಟೊಕೋವಾನ ಎಂಬ ಜಲವಾಸಿ ಸಿಸಿಲಿಯನ್ ಎಪ್ಪತ್ತು ಸೆಂಟಿಮೀಟರಿಗೂ ಮಿಕ್ಕು ಬೆಳೆಯುತ್ತದೆ. ಸಂಗ್ರಹಾಲಯದಲ್ಲಿದ್ದ ಅದರ ದೇಹವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದಕ್ಕೆ ಶ್ವಾಸಕೋಶವೇ ಇಲ್ಲವೆಂದು 1995ರಲ್ಲಿ ಪ್ರಕಟಿಸಿದರು. ಇಂತಹ ಜೀವಿಯು ಆಮ್ಲಜನಕ ಹೆಚ್ಚಾಗಿ ಕರಗಿರುವ ತಣ್ಣನೆಯ ನೀರಿನಲ್ಲಿಯೇ ಬಾಳುತ್ತಿರಬೇಕೆಂಬ ಊಹೆ ಸಹಜವಾಗಿತ್ತು. 2011ರಲ್ಲಿ ಬ್ರೆಜಿಲಿನ ಮದೈರಾ ನದಿಯಲ್ಲಿ, ಅಣೆಕಟ್ಟೆಯ ಕೆಲಸಕ್ಕಾಗಿ ನೀರನ್ನು ಬರಿದು ಮಾಡಿದಾಗ, ಅದು ಜೀವಂತವಾಗಿ ದೊರೆಯಿತು. ಆ ನದಿಯ ನೀರೋ ಬೆಚ್ಚಗೆ, ಕದಡಿಕೊಂಡು ಹರಿಯುವಂಥದು.