ಅನಾಟೋಲಿಯದ ಗ್ರಾಮೀಣ ರತ್ನಗಂಬಳಿಗಳ ಕಾಲನಿರ್ಣಯ

ತುರ್ಕಿ ದೇಶದ ಅನಾಟೋಲಿಯ ಭಾಗದಲ್ಲಿ ಬೆರ್ಗಮ, ಲಾದಿಕ್, ಮಿಲಾಸ್, ಕೊನ್ಯ ಮೊದಲಾದ ಊರುಗಳ ಸುತ್ತಣ ಹಳ್ಳಿಗಳ ಸ್ತ್ರೀಯರು ಮನೆಯ ಮಗ್ಗದಲ್ಲಿ ನೇಯ್ದ ರತ್ನಗಂಬಳಿಗಳು ಪ್ರಸಿದ್ಧವಾದುವು. ಇವುಗಳಲ್ಲಿ ಹಾಸು, ಹೊಕ್ಕು, ಗಂಟು ಮೂರೂ ಸಾಮಾನ್ಯವಾಗಿ ಉಣ್ಣೆಯವೇ. ಇಂತಹ ಕಂಬಳಿಯೊಂದನ್ನು ಪ್ರಾಚೀನವೆಂದು ಹೇಳುವುದಕ್ಕೆ ಪ್ರಮಾಣವೇನೆಂಬುದು ಇಲ್ಲಿಯ ವಿಚಾರ. ಓಲೆಗರಿಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಈ ಸಮಸ್ಯೆಯು ಅಪರಿಚಿತವಲ್ಲ.

ಮೊದಲನೆಯ ಪ್ರಮಾಣವು ಲಿಖಿತವಾದುದು. ಕೆಲವು ಕಂಬಳಿಗಳಲ್ಲಿ ಹಿಜರಿ ವರ್ಷವನ್ನೇ ನೇಯ್ದಿರುವುದುಂಟು. ಆದರೆ ಅಕ್ಷರವರಿಯದವಳು ಹಳೆಯ ಕಂಬಳಿಯನ್ನು ಮುಂದಿಟ್ಟುಕೊಂಡು ನೇಯುವಾಗ ಅಂಕೆಗಳನ್ನೂ ಅಲಂಕಾರವೆಂದೇ ಎಣಿಸಿ ಎತ್ತಿಕೊಳ್ಳಬಹುದು. ಮಾತೃಕೆಯ ಸಮಾಪ್ತಿವಾಕ್ಯವನ್ನು ಅದರ ತಿಥಿಯೊಡನೆ ನಕಲುಮಾಡಿದ ಲಿಪಿಕಾರನ ಕಾರ್ಯಕ್ಕೂ ಇದಕ್ಕೂ ಭೇದವಿಲ್ಲ.

ಎರಡನೆಯದು ಚಿತ್ರವಿನ್ಯಾಸ. ಹಳ್ಳಿಯ ಮಗ್ಗಕ್ಕೆ ಕಾಗದದ ಮೇಲೆ ಬರೆದ ಮಾದರಿಯಿರುತ್ತಿರಲಿಲ್ಲ. ತಾಯಿಯಿಂದ ಮಗಳಿಗೆ ಬಂದ ಸ್ಮರಣೆಯೇ ಮುಖ್ಯ ಆಧಾರ. ಆದುದರಿಂದಲೇ ಅಂಚಿನ ಬಳ್ಳಿಯು ಮೂಲೆಯಲ್ಲಿ ಸರಿಯಾಗಿ ತಿರುಗದೆ ತುಂಡಾಗಿರುವುದು ಕಾಣುತ್ತದೆ. ಅದು ದೋಷವಲ್ಲ, ಗ್ರಾಮೀಣತ್ವದ ಲಕ್ಷಣ. ಹೀಗೆ ಬಂದ ವಿನ್ಯಾಸವು ಬಹುಕಾಲ ಬಾಳುತ್ತದೆ. ಚಿತ್ರಕಾರ ಹಾನ್ಸ್ ಮೆಮ್ಲಿಂಗನು ೧೫ನೆಯ ಶತಮಾನದಲ್ಲಿ ಬರೆದ ಚಿತ್ರಗಳಲ್ಲಿ ತೋರುವ ಕೊಕ್ಕೆಯಂಚಿನ ಪದಕವು ೧೯ನೆಯ ಶತಮಾನದ ಹಳ್ಳಿಕಂಬಳಿಗಳಲ್ಲಿಯೂ ಉಂಟು. ವಿನ್ಯಾಸವು ವಂಶವನ್ನು ಹೇಳುವುದೇ ಹೊರತು ವರ್ಷವನ್ನಲ್ಲ.

ಮೂರನೆಯದು ಬಣ್ಣ. ಪೂರ್ವದಲ್ಲಿ ಕೆಂಪಿಗೆ ನಮ್ಮ ಮಂಜಿಷ್ಠೆಯ ಕುಲದ್ದೇ ಆದ ಗಿಡದ ಬೇರನ್ನೂ, ನೀಲವರ್ಣಕ್ಕೆ ನೀಲಿಯನ್ನೂ ಉಪಯೋಗಿಸುತ್ತಿದ್ದರು. ೧೮೫೬ರಲ್ಲಿ ಪರ್ಕಿನ್ ಎಂಬ ಆಂಗ್ಲ ರಸಾಯನಜ್ಞನು ಕೃತಕವಾದ ಊದಾ ಬಣ್ಣವನ್ನು ಕಂಡುಹಿಡಿದನು. ೧೮೬೮ರಲ್ಲಿ ಜರ್ಮನಿಯ ಗ್ರೇಬೆ, ಲೀಬರ್ಮನ್ ಎಂಬುವರು ಆ ಬೇರಿನ ವರ್ಣದ್ರವ್ಯವಾದ ಅಲಿಜರಿನ್ನನ್ನೇ ಕೃತಕವಾಗಿ ಸಿದ್ಧಪಡಿಸಿದರು. ಮೂಲ ನೇಯ್ಗೆಯಲ್ಲಿಯೇ ಇಂತಹ ಬಣ್ಣವು ಸಿಕ್ಕಿದರೆ ಆ ಕಂಬಳಿಯು ಅದರ ಶೋಧಕ್ಕಿಂತ ಈಚಿನದೆಂಬುದು ನಿಶ್ಚಿತ. ಇದರ ವಿಪರ್ಯಯವು ಮಾತ್ರ ಸಾಧುವಲ್ಲ. ೧೯೮೧ರಲ್ಲಿ ವಾಯವ್ಯ ಅನಾಟೋಲಿಯದ ಅಯ್ವಜಿಕ್ ಪ್ರದೇಶದಲ್ಲಿ, ಹರಾಲ್ಡ್ ಬ್ಯೋಮರ್ ಎಂಬವರ ಪರಿಶ್ರಮದಿಂದ, ಡೋಬಾಗ್ ಎಂಬ ಯೋಜನೆಯು ಸಸ್ಯವರ್ಣಗಳನ್ನು ಪುನಃ ಪ್ರಚಾರಕ್ಕೆ ತಂದಿತು. ಆದಕಾರಣ ಸಸ್ಯವರ್ಣವೊಂದೇ ಪ್ರಾಚೀನತೆಯನ್ನು ಸ್ಥಾಪಿಸಲಾರದು.

ಫಲಿತಾಂಶವಿಷ್ಟು: ಕೃತಕವರ್ಣದ ಭಾವವು ಪ್ರಮಾಣ, ಅಭಾವವು ಪ್ರಮಾಣವಲ್ಲ. ಕೃತಕವರ್ಣವು ಕಂಡಲ್ಲಿಯೂ ಅದು ಮೂಲದ ಗಂಟೋ ತರುವಾಯದ ದುರಸ್ತಿಯೋ ಎಂಬುದನ್ನು ಮೊದಲು ನೋಡತಕ್ಕುದು. ಕಾವ್ಯಗಳ ಕಾಲವಿಚಾರದಲ್ಲಿಯೂ ಇದೇ ನ್ಯಾಯವು ಸಲ್ಲುವುದಲ್ಲವೆ? ಅರ್ವಾಚೀನ ಪದವೊಂದು ದೊರೆತ ಮಾತ್ರಕ್ಕೆ ಗ್ರಂಥವನ್ನು ಈಚೆಗೆ ತರುವ ಮುನ್ನ ಅದು ಪ್ರಕ್ಷಿಪ್ತವಲ್ಲವೆಂದು ತಿಳಿಯಬೇಕು. ಅಂತಹ ಪದವು ದೊರೆಯದ ಮಾತ್ರಕ್ಕೆ ಗ್ರಂಥವನ್ನು ಹಿಂದಕ್ಕೊಯ್ಯುವುದೂ ಸಲ್ಲದು.