ಉಪ್ಪು, ಬೆಲ್ಲ ಮತ್ತು ಡಾಕ್ಟರ ಊಹೆ

ಆರೋಗ್ಯ ಯೋಜನೆಯೊಂದು ನೆಲಕಚ್ಚಿದಾಗ ಮೊದಲು ಕೇಳಿಬರುವ ಮಾತು ‘ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ’ ಎಂಬುದು. ವಿಜ್ಞಾನಿಗಳು ಮದ್ದು ಕಂಡುಹಿಡಿದಾಯಿತು, ಇಲಾಖೆ ಹಂಚಿಯಾಯಿತು, ಆಸ್ಪತ್ರೆಯ ಗೋಡೆಗೆ ಭಿತ್ತಿಪತ್ರ ಅಂಟಿಸಿಯಾಯಿತು. ಆಮೇಲೂ ಬಳಸದಿದ್ದರೆ ತಪ್ಪು ಹಳ್ಳಿಯ ತಾಯಿಯದೇ ಅಲ್ಲವೇ? ಈ ವಾದ ಎಷ್ಟು ಅನುಕೂಲದ್ದೆಂದರೆ ಅದನ್ನು ಒರೆಗೆ ಹಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಒರೆಗೆ ಹಚ್ಚಿದವರು ಕಂಡದ್ದೇ ಬೇರೆ. ಗೊತ್ತಿರುವ ಮದ್ದು ಮನೆ ತಲುಪದೆ ಎಲ್ಲೋ ನಿಂತಿದ್ದರೆ, ಅದು ನಿಂತಿರುವುದು ಬಹಳ ಸಲ ಕೊಡುವವರ ಕೈಯಲ್ಲಿ. ಓಆರ್‌ಎಸ್ ಪೊಟ್ಟಣದ ಐವತ್ತು ವರ್ಷಗಳ ಕಥೆ ಇದನ್ನು ತೋರಿಸುವಷ್ಟು ಚೆನ್ನಾಗಿ ಇನ್ನಾವುದೂ ತೋರಿಸಲಾರದು.

ಭೇದಿಯಾದ ಮಗು ಸಾಯುವುದು ಬಹುಮಟ್ಟಿಗೆ ಮೈಯಲ್ಲಿನ ನೀರು, ಲವಣ ಬತ್ತಿ. ಬರೀ ನೀರು ಕುಡಿಸಿದರೆ ಸಾಲದು. ಆದರೆ ಸಣ್ಣ ಕರುಳು ಗ್ಲೂಕೋಸನ್ನು ಹೀರಿಕೊಳ್ಳುವಾಗ ಸೋಡಿಯಮನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಅವೆರಡರ ಬೆನ್ನಿಗೆ ನೀರು ಒಳಗೆ ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. 1960ರ ದಶಕದಲ್ಲೇ ಇದು ಗೊತ್ತಾಗಿತ್ತು. ಢಾಕಾದಲ್ಲಿ, ಕಲ್ಕತ್ತೆಯಲ್ಲಿ ರೋಗಿಗಳ ಮೇಲೆ ಪ್ರಯೋಗವೂ ನಡೆದಿತ್ತು. ಆದರೂ ವೈದ್ಯರಿಗೆ ನಂಬಿಕೆ ಬಂದಿರಲಿಲ್ಲ. ನರಕ್ಕೆ ಬಾಟಲಿ ಏರಿಸಿದರೇ ಚಿಕಿತ್ಸೆ, ಲೋಟದಲ್ಲಿ ಕುಡಿಸಿದ್ದೆಲ್ಲ ಮನೆಮದ್ದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿಹೋದ ಗಡಿಯ ಬನಗಾಂವ್‌ನಲ್ಲಿ ಬಾಟಲಿಗಳೇ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬೀಸ್ ಬೇರೆ ದಾರಿಯಿಲ್ಲದೆ ಲೋಟಕ್ಕೆ ಇಳಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ. ಇದನ್ನು ಡ್ರಮ್ಮುಗಳಲ್ಲಿ ಕಲಸಿಟ್ಟರು, ರೋಗಿಯ ಕಡೆಯವರೇ ಹಿಡಿದು ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 3.6ಕ್ಕೆ ಇಳಿಯಿತು. ಓದುಬರಹ ಬಾರದ, ಊರು ಬಿಟ್ಟು ಬಂದ ಜನ ಮಾಡಿ ತೋರಿಸಿದ ಕೆಲಸವನ್ನು ನಂಬಲು ವೈದ್ಯಲೋಕಕ್ಕೆ ಇನ್ನಷ್ಟು ವರ್ಷ ಹಿಡಿಯಿತು.

ಮುಂದಿನ ಅಧ್ಯಾಯ ಬಾಂಗ್ಲಾದೇಶದ್ದು. ಅಲ್ಲಿನ ಬ್ರಾಕ್ ಸಂಸ್ಥೆ 1980ರಲ್ಲಿ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಇಷ್ಟೇ ಪಾಠ. ಕಾರ್ಯಕರ್ತೆ ಹೇಳಿದರಷ್ಟೇ ಸಾಲದು, ತಾಯಿ ತನ್ನ ಕೈಯಾರೆ ಕಲಸಿ ತೋರಿಸಬೇಕು. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಕುತ್ತು, ಅದಕ್ಕೇ ಈ ಕಟ್ಟುನಿಟ್ಟು. ಕೆಲ ದಿನಗಳಾದ ಮೇಲೆ ಬೇರೆಯೇ ತಂಡ ಕೆಲವು ಮನೆಗಳನ್ನು ಆರಿಸಿ, ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ ನೀರಿನಲ್ಲಿ ಉಪ್ಪು ಸರಿಯಿದೆಯೇ ಎಂದು ನೋಡುತ್ತಿತ್ತು. ಕಾರ್ಯಕರ್ತೆಯ ಸಂಬಳ ಆ ತಾಯಿಯ ನೆನಪಿನ ಮೇಲೆ ನಿಂತಿತ್ತು. ಕಲಿತವಳಿಗಲ್ಲ, ಕಲಿಸಿದವಳಿಗೆ ಅಂಕ! ತಾಯಂದಿರು ಚೆನ್ನಾಗಿಯೇ ಕಲಿತರು. ಆದರೆ ಭೇದಿ ಬಂದಾಗ ಮಾಡಿ ಕುಡಿಸಿದವರು ಮೊದಮೊದಲು ತೀರಾ ಕಡಿಮೆ. ಇಲ್ಲಿಗೇ ‘ಜನ ಹೀಗೇ’ ಎಂದು ಕೈತೊಳೆದುಕೊಳ್ಳಬಹುದಿತ್ತು. ಬ್ರಾಕ್ ಹಾಗೆ ಮಾಡದೆ ಕಾರಣ ಹುಡುಕಿತು. ಪಾಠ ಹೇಳುತ್ತಿದ್ದ ಕಾರ್ಯಕರ್ತರಲ್ಲೇ ಹಲವರಿಗೆ ಆ ನೀರಿನ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದಾಗ ಅವರೂ ಮಾತ್ರೆಯನ್ನೇ ನುಂಗುತ್ತಿದ್ದರು. ಇನ್ನೊಂದು ಕಡೆ, ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ, ಅವರು ಮುನಿಸಿಕೊಂಡಿದ್ದರು. ಕಾರ್ಯಕರ್ತರಿಗೆ ಈ ಚಿಕಿತ್ಸೆಯಿಂದ ರೋಗಿಗಳು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ತೋರಿಸಲಾಯಿತು. ಗಂಡಸರೊಡನೆ ಸಂತೆಯಲ್ಲಿ, ಮಸೀದಿಯಲ್ಲಿ ಮಾತುಕತೆ ನಡೆಯಿತು. ಬಳಕೆ ಏರಿತು. 1990ರ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಈ ಪಾಠ ಮುಟ್ಟಿತ್ತು.

ಇದು ಹಳೆಯ ಕಥೆ, ಈಗ ಓಆರ್‌ಎಸ್ ಯಾರಿಗೆ ಗೊತ್ತಿಲ್ಲ ಎನ್ನಬಹುದು. ಗೊತ್ತಿರುವುದೇನೋ ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು ಶೇ 61ರಷ್ಟಕ್ಕೆ; ಜೊತೆಗೆ ಕೊಡಬೇಕಾದ ಜಿಂಕ್ ಸಿಕ್ಕಿದ್ದು ಶೇ 30ರ ಆಸುಪಾಸಿನವರಿಗೆ. ಉಳಿದ ಮಕ್ಕಳಿಗೆ ಏಕಿಲ್ಲ ಎಂಬ ಪ್ರಶ್ನೆ ಹಿಡಿದು ಸಂಶೋಧಕರ ತಂಡವೊಂದು ಕರ್ನಾಟಕಕ್ಕೂ ಬಿಹಾರಕ್ಕೂ ಬಂತು. 253 ಊರುಗಳ 2,282 ಖಾಸಗಿ ಚಿಕಿತ್ಸಕರ ಬಳಿಗೆ, ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಗಿದೆ ಎಂದು ಹೇಳುವ ನಟರು ಹೋದರು. ಕೆಲವರು ಓಆರ್‌ಎಸ್ ಬಗ್ಗೆ ಒಲವು ತೋರಿದರು, ಕೆಲವರು ಆಂಟಿಬಯಾಟಿಕ್ ಬಗ್ಗೆ, ಕೆಲವರು ಸುಮ್ಮನಿದ್ದರು. ಇನ್ನು ಕೆಲವರು ಔಷಧವನ್ನು ಬೇರೆಡೆ ಕೊಳ್ಳುತ್ತೇವೆಂದರು, ಅಂದರೆ ಮಾತ್ರೆ ಮಾರಿ ಲಾಭ ಮಾಡುವ ಅವಕಾಶವೇ ಇಲ್ಲ. ಅರ್ಧದಷ್ಟು ಚಿಕಿತ್ಸಕರಿಗೆ ಪೊಟ್ಟಣಗಳನ್ನೂ ಮೊದಲೇ ಒದಗಿಸಲಾಗಿತ್ತು. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ನಮ್ಮ ಎಂದಿನ ಅನುಮಾನಗಳನ್ನು ತಲೆಕೆಳಗು ಮಾಡಿತು. ಓಆರ್‌ಎಸ್ ಬರೆಯದಿರುವುದರಲ್ಲಿ ದಾಸ್ತಾನಿಲ್ಲದ್ದರ ಪಾಲು ಶೇ 6, ಲಾಭದ ಪಾಲು ಶೇ 5. ಶೇ 42ರಷ್ಟು ಪಾಲು ‘ರೋಗಿಯ ಕಡೆಯವರಿಗೆ ಇದು ಬೇಡ’ ಎಂಬ ಚಿಕಿತ್ಸಕರ ಊಹೆಯದು! ನಟ ಓಆರ್‌ಎಸ್ ಬೇಕೆಂದು ಸೂಚಿಸಿದಾಗ ಅದನ್ನು ಬರೆಯುವ ಪ್ರಮಾಣ ಶೇಕಡಾವಾರು 27 ಅಂಶಗಳಷ್ಟು ಏರಿತು.

ಊಹೆ ಸುಮ್ಮನೆ ಹುಟ್ಟಿದ್ದಲ್ಲ, ಇಂಜೆಕ್ಷನ್ ಹಾಕದ ಡಾಕ್ಟರ ಬಳಿ ಮತ್ತೆ ಹೋಗದವರು ನಮ್ಮಲ್ಲಿ ಇದ್ದೇ ಇದ್ದಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎದುರಿಗೆ ಕೂತಿರುವವರು ಅಂಥವರೇ ಎಂದು ತೀರ್ಮಾನಿಸುವ ಮೊದಲು ಒಂದು ಮಾತು ಕೇಳಲು ಅರ್ಧ ನಿಮಿಷವೂ ಬೇಡ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಶುದ್ಧ ನೀರು, ಚರಂಡಿ ಕೊಡದೆ ಪೊಟ್ಟಣದ ಮಾತೇಕೆ? ಸರಿಯೇ, ಭೇದಿ ಬರದಂತೆ ತಡೆಯುವುದು ಅವೇ. ಆದರೆ ಪೈಪು ಬರುವವರೆಗೆ ಮಗು ಕಾಯುವುದಿಲ್ಲ. ಪೈಪು ಹಾಕುವ ಇಲಾಖೆಯೂ ಜನಕ್ಕೆ ಏನು ಬೇಕೆಂದು ಕೇಳದೆಯೇ ಊಹಿಸಿದರೆ ಅಲ್ಲೂ ಇದೇ ಪಾಡು. ಬ್ರಾಕ್ ಮಾದರಿ ದುಬಾರಿ, ನಿಧಾನ ಎನ್ನುವವರಿದ್ದಾರೆ. ನಿಧಾನ ಹೌದು. ಆದರೆ ಹಂಚಿಕೆಯ ಲೆಕ್ಕ ಬರೆಯಲು ನಾವು ಖರ್ಚು ಮಾಡುವುದರಲ್ಲಿ ಒಂದು ಪಾಲನ್ನು, ಹಂಚಿದ್ದು ಮಗುವಿನ ಬಾಯಿಗೆ ಹೋಯಿತೇ, ಹೋಗದಿದ್ದರೆ ಯಾರ ಬಳಿ ನಿಂತಿತು ಎಂದು ನೋಡಲು ಇಟ್ಟರೆ ಅದು ದುಂದಲ್ಲ. ಬ್ರಾಕ್‌ನ ಎರಡನೆಯ ತಂಡ ಮಾಡಿದ್ದು ಅದನ್ನೇ.

ಒಂದು ವಿಚಿತ್ರ. ಜನಕ್ಕೆ ಓಆರ್‌ಎಸ್ ಬೇಡವೆಂದು ಚಿಕಿತ್ಸಕರು ಊಹಿಸುತ್ತಿದ್ದ ವರ್ಷಗಳಲ್ಲೇ, ಜನ ಅದನ್ನು ಹುಡುಕಿಕೊಂಡು ಬರುತ್ತಾರೆಂದು ತಂಪು ಪಾನೀಯದವರು ಲೆಕ್ಕ ಹಾಕಿದ್ದರು. ಸಕ್ಕರೆ ತುಂಬಿದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂಬ ಮೂರಕ್ಷರ ಸೇರಿಸಿಕೊಂಡು ಮೆಡಿಕಲ್ ಶಾಪಿನ ಕಪಾಟಿನಲ್ಲೇ ಕೂತವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಪಾನೀಯಕ್ಕೆ ಆ ಹೆಸರು ಸಲ್ಲದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ.